ಮೇಷ್ಟ್ರಿಗೆ ಕೇಳಿಸದ ಸಕಾರ

ಮೇಷ್ಟ್ರ ಕಿವಿಯ ಮೇಲೆ ಕೂದಲು ಪೊದೆಯಾಗಿ ಬೆಳೆದಿತ್ತು. ಹೆಡ್‌ಫೋನಿನ ಸ್ಪಂಜು ಹರಿದದ್ದಕ್ಕೆ ಹಳೆಯ ಬನಿಯನ್ ಬಟ್ಟೆ ಸುತ್ತಿ ಹೊಲಿದಿದ್ದರು. ಅದನ್ನು ಹಾಕಿಕೊಂಡು ಕಣ್ಣು ಮುಚ್ಚಿದರೆ ಹೊಳೆನರಸೀಪುರದ ಯಾವ ಬಸ್ಸಿನ ಹಾರನ್ನೂ ಅವರಿಗೆ ಲೆಕ್ಕಕ್ಕಿಲ್ಲ.

ಸಂಗೀತ ಮೇಷ್ಟ್ರ ಕೆಲಸ ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಸ್ಟುಡಿಯೋ ಮಾಡಿದ್ದರು. ಕ್ಯಾಸೆಟ್ ಹೋಗಿ ಸೀಡಿ ಬರುತ್ತಿದ್ದ ಕಾಲ. ಮದುವೆಯಾಗಿ ಆ ಬೀದಿಗೆ ಬಂದ ನಾನು ಭಜನೆ ಹಾಡಲು ಹೋದವಳು, ಪಕ್ಕದಲ್ಲಿ ಕೂತು ಕೆಲಸ ಕಲಿತೆ. ಈಕ್ವಲೈಜರ್ ಎಂದರೆ ಸಾರಿಗೆ ಉಪ್ಪು ಹುಳಿ ನೋಡಿದ ಹಾಗೆ, ದಪ್ಪ ದನಿ ಎಷ್ಟು, ತೆಳು ದನಿ ಎಷ್ಟು ಎಂದು ಹದ ಮಾಡುವುದು. ಕಂಪ್ರೆಸರ್ ಬಗ್ಗೆ ಕೇಳಿದರೆ, "ಕಿರುಚೋರ ತಲೆ ಮ್ಯಾಲೆ ಕೈ ಮಡಗೋದು, ಪಿಸುಗುಟ್ಟೋರ ಬೆನ್ನು ತಟ್ಟೋದು, ಅಷ್ಟೇ ಕಣವ್ವ" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ನನಗೆ ದಿಗಿಲು ಹತ್ತಿತು. ಪರದೆಯ ಮೇಲೆ ಈಕ್ವಲೈಜರಿನ ಗೆರೆಯ ಬಲತುದಿ, ಅಂದರೆ ತೆಳು ದನಿಯ ಕಡೆ, ವಾರವಾರವೂ ಮೇಲೇರುತ್ತಿತ್ತು. "ಮಂಕಾಗ್ಯದೆ, ಇನ್ನೊಂಚೂರು ಎತ್ತಾನ" ಎನ್ನುತ್ತಿದ್ದರು. ನನಗೋ ಹಾಡಿನ ಮಾತಿನಲ್ಲಿ ಸಕಾರ ಬಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಕಿವಿಯಿಂದಲೇ ಬದುಕುವ ಮನುಷ್ಯನಿಗೆ ಇದನ್ನು ಹೇಳುವುದು ಹೇಗೆ? ನಾನು ಮೊದಲೇ ಪುಕ್ಕಲಿ.

ಕೊನೆಗೆ ಹೇಳಿದವರು ನುಗ್ಗೇಹಳ್ಳಿಯ ಸೋಬಾನೆ ಹಾಡುವ ಅಜ್ಜಿ. ನಾವು ಮಾಡಿಕೊಟ್ಟ ತಮ್ಮ ಹಾಡಿನ ಸೀಡಿ ವಾಪಸು ತಂದು, "ಸಾ, ಇದ ಆಕುದ್ರೆ ಮಲಗಿರೋ ಮಗ ಎದ್ದು ಅಳ್ತದೆ" ಎಂದರು.

"ನಿಮ್ಮ ಮನೆ ಡೆಕ್ ಕೆಟ್ಟದೆ" ಎಂದು ಮೇಷ್ಟ್ರು ಅವರನ್ನು ಸಾಗಹಾಕಿದರು. ಆದರೆ ಅಜ್ಜಿ ಬೀದಿ ದಾಟುವ ಮೊದಲೇ ಹೆಡ್‌ಫೋನ್ ಹಾಕಿಕೊಂಡು ಕೂತರು. ಅದೇ ಹಾಡು ಸ್ಪೀಕರಿನಲ್ಲೂ ಬರುತ್ತಿತ್ತು. "ಬಲತುದಿ ಪೂರಾ ಎತ್ತು" ಎಂದರು. ಎತ್ತಿದೆ. ನನ್ನ ಮುಖ ತಾನಾಗಿ ಕಿವುಚಿಕೊಂಡಿತು. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು: "ಎತ್ತಿದ್ಯಾ?"

ಆಮೇಲೆ ಕಣ್ಣು ಬಿಟ್ಟು ನನ್ನ ಮುಖ ನೋಡಿದರು.

"ಯಾವಾಗ್ಲಿಂದ ಇಂಗೆ?"

"ಯುಗಾದಿಯಿಂದ, ಮೇಷ್ಟ್ರೇ."

"ನಂಗೂ ಅನುಮಾನ ಇತ್ತು ಕಣವ್ವ. ನಿನ್ನ ಕೇಳಕ್ಕೆ ಭಯವಾಯ್ತು."

ಹೆಡ್‌ಫೋನ್ ಕಳಚಿಟ್ಟರು. ಎದ್ದು ತಮ್ಮ ಕುರ್ಚಿಯನ್ನು ನನಗೆ ಬಿಟ್ಟರು. ಇಂದಿಗೂ ನನ್ನ ಅನ್ನ ಆ ಕುರ್ಚಿಯದೇ.

ಬರಬರುತ್ತಾ ದಪ್ಪ ದನಿಯೂ ಅವರಿಗೆ ಕೇಳಿಸದಾಯಿತು. ಆದರೂ ದಿನಾ ಬಂದು ಎದುರಿಗೆ ಕೂರುತ್ತಿದ್ದರು. "ನಿನ್ನ ಮೊಖ ನೋಡಿದ್ರೆ ಸಾಕು, ಎಲ್ಲಿ ಚುಚ್ತದೆ ಅಂತ ಗೊತ್ತಾಯ್ತದೆ" ಎನ್ನುವರು. ಅದು ಸುಳ್ಳಲ್ಲ. ನಾನು ಹುಬ್ಬು ಗಂಟಿಕ್ಕಿದರೆ ಸಾಕು, "ತಗ್ಗಿಸು" ಎಂದು ಕೈಸನ್ನೆ ಮಾಡುತ್ತಿದ್ದರು.

ಮೇಷ್ಟ್ರು ಕಾಯಿಲೆ ಬಿದ್ದು ಸೇರಿದ್ದ ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಮನೆಯವರನ್ನೆಲ್ಲ ಕರೆಸಿಬಿಡಿ ಎಂದರು. ಕಣ್ಣೊರೆಸಿಕೊಂಡು, ನಗುವನ್ನು ಸರಿಮಾಡಿಕೊಂಡು ಒಳಗೆ ಹೋದೆ. ಡಾಕ್ಟರು ಏನಂದರೆಂದು ಮೇಷ್ಟ್ರು ಕೇಳಲಿಲ್ಲ. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಸರಿ ಬುಡು" ಎಂದರು.