ಆ ಕಾಮೆಂಟು ಅಲ್ಲೇ ಇರುತ್ತದೆ

ಗೆಳೆಯರೇ, ನನ್ನ ಬ್ಲಾಗಿನಿಂದ ಒಂದು ಕಾಮೆಂಟು ಅಳಿಸಬೇಕೆಂದು ಇವತ್ತು ಹುಮನಾಬಾದಿನ ನಮ್ಮ ಕಾಲೇಜಿನಲ್ಲಿ ಅಪ್ಪಣೆಯಾಯಿತು.

ಬಿ.ಎ. ಮಕ್ಕಳಿಗಾಗಿ ನಾನು ಸಮಾಜಶಾಸ್ತ್ರದ ಪಾಠಗಳನ್ನು ಬ್ಲಾಗಿಗೆ ಹಾಕುತ್ತೇನೆ. ತಂದೆತಾಯಿ ಒಪ್ಪದ ಕಾರಣ ಹಳ್ಳಿಯ ಹುಡುಗಿಯರು ಓದು ಬಿಡುತ್ತಾರೆ ಎಂದು ಮೊನ್ನೆ ಬರೆದಿದ್ದೆ. ದುಬಲಗುಂಡಿಯ ವಿದ್ಯಾರ್ಥಿನಿಯೊಬ್ಬಳು ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಯಲ್ಲಿ ಕೂತು ಅದರ ಕೆಳಗೆ ಬರೆದಳು. ಅಕ್ಷರ ಇಂಗ್ಲಿಷಿನವು, ಮಾತು ನಮ್ಮೂರಿನದು: "ಸರ್, ಇದು ತಪ್ಪು ಅದ. ನಮ್ಮಪ್ಪ ಒಪ್ಯಾನ್ರಿ. ಸಂಜೀ ಬಸ್ಸೇ ಬರಂಗಿಲ್ಲ. ಅದನ್ಯಾಕ ಬರೆದಿಲ್ಲ?"

ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿದರು. "ಊರ ಮಂದಿ ಓದೋ ಜಾಗದಾಗ ಮಾಸ್ತರಗ ತಪ್ಪು ಅಂತಾಳ. ಡಿಪಾರ್ಟ್‌ಮೆಂಟಿನ ಇಜ್ಜತ್ ಏನ್ ಉಳೀತು? ತೆಗೀರಿ ಅದನ್ನ."

"ತೆಗೆಯಂಗಿಲ್ರಿ ಸರ್. ಕ್ಲಾಸಿನ್ಯಾಗ ಒಮ್ಮೀನೂ ಬಾಯಿ ತೆರೆಯದಾಕಿ ಬರದಾಳ. ಆಕಿ ಹೇಳಿದ್ದು ಖರೆ ಅದ."

"ಹಂಗಿದ್ರ ಬ್ಲಾಗೇ ಬಂದ್ ಮಾಡ್ರಿ."

"ಅದೂ ಆಗಂಗಿಲ್ರಿ," ಎಂದು ಎದ್ದು ಬಂದೆ.

ಪಾಠ ತಿದ್ದಿದ್ದೇನೆ. ಅವಳ ಕಾಮೆಂಟನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಮುಖ್ಯಸ್ಥರು ಬಸವಕಲ್ಯಾಣದಲ್ಲಿ ಮಾಡಿದ ಭಾಷಣವೂ ಅದೇ ಬ್ಲಾಗಿನಲ್ಲಿದೆ. ಅನುಭವ ಮಂಟಪದಲ್ಲಿ ಯಾರು ಯಾರನ್ನು ಬೇಕಾದರೂ ಪ್ರಶ್ನಿಸಬಹುದಿತ್ತು ಎಂದು ಹೇಳಿ ಅವತ್ತು ಭಾರೀ ಚಪ್ಪಾಳೆ ಗಿಟ್ಟಿಸಿದ್ದರು. ಬ್ಲಾಗಿಗೆ ಹಾಕಿ ಎಂದು ತಾವೇ ತಂದುಕೊಟ್ಟಿದ್ದರು.

ಅದನ್ನು ತೆಗೀರಿ ಅಂತ ಮಾತ್ರ ಇನ್ನೂ ಹೇಳಿಲ್ಲ.