ಬಾಗಿಲ ತನಕ ಬರುವ ಪೆನ್ರೋಸ್

ನಿಧಾನಗತಿಯ ಬಾಂಬರ್ ವಿಮಾನಗಳಿಗೆ ಕಾವಲಾಗಿ ಚುರುಕಿನ ಫೈಟರನ್ನು ಅಂಕುಡೊಂಕಾಗಿ ಹಾರಿಸಿ ಹಾರಿಸಿ, ಪೆನ್ರೋಸ್ ಯುದ್ಧಕಾಲದ ಇಂಗ್ಲೆಂಡಿನ ನಾರ್ಫಕ್‌ನ ಹಳ್ಳಿದಾರಿಯಲ್ಲೂ ಯಾರ ಜೊತೆಗೂ ನೆಟ್ಟಗೆ ನಡೆಯಲಾರ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿದಾಡುತ್ತಾ, ಬೆಳಕಿನ ಮರೆಯಲ್ಲಿ ಶತ್ರು ವಿಮಾನ ಇದೆಯೇನೋ ಎಂದು ಸೂರ್ಯನ ಕಡೆ ಅನುಮಾನದಿಂದ ನೋಡುತ್ತಾ ಬರುತ್ತಾನೆ. ಪಬ್ಬಿನಿಂದ ಹೊರಟವರು ಗೆಳೆಯರಿರಲಿ, ಪಾದ್ರಿಯಿರಲಿ, ದಾರಿ ತಪ್ಪಿದ ಬಾತುಕೋಳಿಯೇ ಇರಲಿ, ಮನೆ ಮುಟ್ಟಿಸದೆ ಬಿಡುವ ಆಸಾಮಿಯಲ್ಲ. "ದಾರಿ ಗೊತ್ತು ಕಣೋ, ನೀನು ಹೋಗಪ್ಪ!" ಎಂದು ವಿಗಿನ್ಸ್ ಅಜ್ಜಿ ಗದರಿದರೆ, "ನೀವು ಒಳಗೋಗಿ ಚಿಲಕ ಹಾಕ್ಕೊಳ್ಳಿ ಅಜ್ಜಿ, ಸದ್ದು ಕೇಳಿಸ್ಕೊಂಡು ಹೋಗ್ತೀನಿ" ಅಂತಾನೆ. ಆಕಾಶದಲ್ಲಿ ಮಾತ್ರ ಅವನ ಪುಟ್ಟ ಟ್ಯಾಂಕಿನ ಪೆಟ್ರೋಲು ಜರ್ಮನಿಯ ಗಡಿಯವರೆಗೆ ಹೋಗಿ ಬರುವಷ್ಟೇ. ಅಲ್ಲಿ, ಒಂಟಿಯಾಗಿ ಮುಂದೆ ಸಾಗುವ ಬಾಂಬರಿನ ಬಾಲದಲ್ಲಿ ಕೂತ ಗನ್ನರ್, ಥೇಟ್ ಅಜ್ಜಿಯ ಹಾಗೆ, ದಾರಿ ಗೊತ್ತು, ನೀನು ಹೋಗಪ್ಪ ಅನ್ನುವಂತೆ ಕೈಬೀಸುತ್ತಾನೆ. ಪೆನ್ರೋಸ್ ಹೋಗಲೇಬೇಕು.