ಸೂರ್ಯನ ದನಿಗೆ ಅಂಗಳ ಗುಡಿಸುವ ಪ್ರೇಮಮ್ಮ

ಬೆಟ್ಟದಪುರದ ಬೆಟ್ಟಕ್ಕೆ ಬಿಸಿಲು ಬೀಳುವ ಮೊದಲೇ ಪ್ರೇಮಮ್ಮನ ಕೈಗೆ ಕುಡುಗೋಲು ಬಂದಿರುತ್ತದೆ. ಹೊಗೆಸೊಪ್ಪಿನ ಹೊಲಗಳ ನಡುವೆ ಬೇಲಿ ಹಾಕಿದ ಸೌರ ಸಂಶೋಧನಾ ಕೇಂದ್ರ. ಅದರೊಳಗೆ ಸಾಲಾಗಿ ಆಂಟೆನಾ ಕಂಬಗಳು. ಬುಡದ ಕಳೆ ಕೊಯ್ದು, ತಂತಿಗೆ ಹಬ್ಬಿದ ಬಳ್ಳಿ ಬಿಡಿಸಿ, ಜೇಡರ ಬಲೆ ಒರೆಸುತ್ತಾರೆ. ನುಗ್ಗಿದ ಎಮ್ಮೆಗೆ ಬೈಗುಳವೂ ಸಲ್ಲುತ್ತದೆ. “ಸೂರ್ಯ ಮಾತಾಡೋದ್ರೊಳ್ಗೆ ಅಂಗಳ ಚೊಕ್ಕಟ ಇರ್ಬೇಕು ಕಣ್ರೀ,” ಎನ್ನುತ್ತಾರೆ.

ಸೂರ್ಯ ಮಾತಾಡುವುದು ಸುಳ್ಳೇನಲ್ಲ. ಅವನಲ್ಲಿ ಜ್ವಾಲೆ ಸಿಡಿದಾಗ ಎಲೆಕ್ಟ್ರಾನುಗಳು ಕಾಂತಕ್ಷೇತ್ರದ ಹಾದಿ ಹಿಡಿದು ಓಟ ಕೀಳುತ್ತವೆ. ಕೆಲವು ಕೆಳಗಿನ ದಟ್ಟ ಪದರಕ್ಕೆ ಬಡಿಯುತ್ತವೆ, ಕೆಲವು ಹೊರಕ್ಕೆ ಹಾರುತ್ತವೆ. ಹೊರಟವು ದಾರಿಯುದ್ದಕ್ಕೂ ರೇಡಿಯೊ ಅಲೆ ಎಬ್ಬಿಸುತ್ತವೆ. ಮೇಲೇರಿದಂತೆ ಸೂರ್ಯನ ವಾತಾವರಣ ತೆಳುವಾಗುತ್ತದೆ, ಅಲೆಯ ಆವರ್ತನವೂ, ಅಂದರೆ ಸ್ಥಾಯಿಯೂ, ತಗ್ಗುತ್ತದೆ. ಅದು ತಗ್ಗುವ ಬಗೆ ನೋಡಿ ಎಲೆಕ್ಟ್ರಾನಿನ ವೇಗ ಲೆಕ್ಕ ಹಾಕುವವರು ಇಲ್ಲಿನ ಸಂಶೋಧಕಿ ಶೃತಿ. ಅವರು ಆ ಅಲೆಯನ್ನೇ ದನಿಯಾಗಿಸಿ ಸ್ಪೀಕರಿಗೆ ಕೊಟ್ಟರೆ ‘ಸುಂಯ್’ ಎಂದು ಇಳಿಯುವ ದನಿ ಕೇಳುತ್ತದೆ.

ಪ್ರೇಮಮ್ಮ ಅರ್ಧ ಆಯಸ್ಸು ಕಳೆದದ್ದು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಕೂಲಿಯಲ್ಲಿ. ಸೊಪ್ಪು ಒಣಗಿಸುವ ಬ್ಯಾರನ್ನಿನ ಘಾಟು ಎದೆಗೆ ಒಗ್ಗದೆ ಇಲ್ಲಿಗೆ ಕೆಲಸಕ್ಕೆ ಬಂದರು.

ಬಂದ ವರ್ಷವೇ ಎಡವಟ್ಟು. ಆಯುಧಪೂಜೆಗೆ ಕಂಬಗಳಿಗೆಲ್ಲ ಚೆಂಡುಹೂ ಕಟ್ಟಿ, ಬೆಳಗ್ಗೆಯೇ ಝಗಮಗ ಸೀರಿಯಲ್ ಸೆಟ್ ಹಾಕಿದರು. “ಅನ್ನ ಕೊಡೋ ಕಂಬ, ಪೂಜೆ ಮಾಡ್ದೆ ಇರೋಕಾಯ್ತದಾ?” ಅಂದೇ ಮಧ್ಯಾಹ್ನ ದೊಡ್ಡ ಜ್ವಾಲೆ ಸಿಡಿಯಿತು. ಮಿನುಗುವ ದೀಪಗಳೂ ರೇಡಿಯೊ ಅಲೆ ಸೂಸುವುದರಿಂದ ಆಂಟೆನಾಕ್ಕೆ ಸಿಕ್ಕಿದ್ದು ಅವುಗಳ ಗೊರಗೊರ ಸದ್ದು ಮಾತ್ರ. ಈ ಜಾಗದಲ್ಲಿ ಗದ್ದಲ ಹೆಚ್ಚು, ಕೇಂದ್ರವನ್ನೇ ಬೇರೆಡೆ ಸಾಗಿಸೋಣ ಎಂಬ ಮಾತು ಮೇಲಧಿಕಾರಿಗಳಲ್ಲಿ ಎದ್ದಿತು. ಶೃತಿ ಬೈಯಲಿಲ್ಲ. “ಬೈದಿದ್ರೆ ಅತ್ತು ಅಗುರಾಯ್ತಿದ್ದೆ. ಸುಮ್ನಿದ್ರಲ್ಲ, ಅದೇ ಸಂಕ್ಟ,” ಎನ್ನುತ್ತಾರೆ ಪ್ರೇಮಮ್ಮ.

ಈ ವರ್ಷದ ಹಬ್ಬಕ್ಕೆ ಕಂಬಗಳಿಗೆ ಬರೀ ಹೂವು. ಆದರೆ ಪಕ್ಕದ ಹೊಲದ ಕನಕರಾಜು ಟ್ರಾಕ್ಟರಿಗೆ ಸೀರಿಯಲ್ ಸೆಟ್ ಸುತ್ತಿ ಸ್ವಿಚ್ ಹಾಕಿಯೇಬಿಟ್ಟಿದ್ದ. ಪ್ರೇಮಮ್ಮ ಬೇಲಿ ದಾಟಿ ಓಡಿದರು.

“ಆರ್ಸಪ್ಪಾ! ಸೂರ್ಯ ಮುಳುಗೋಗಂಟ ತಡ್ಕೊ.”

“ಅಬ್ಬದ್ ದಿನ ಇದೇನ್ ಪ್ರೇಮಕ್ಕ? ಅವ್ನ್ಗೂ ನನ್ ಟ್ರಾಕ್ಟರಿಗೂ ಏನ್ ಜಗ್ಳ?”

“ದೀಪ ಉರುದ್ರೆ ಅವ್ನ್ ಮಾತು ನಮ್ಗೆ ಕೇಳಾಕಿಲ್ಲ ಕಣೋ. ಮುಳುಗಿದ್ಮೇಲೆ ನಾನೇ ಬಂದು ಅಚ್ತೀನಿ.”

ಕನಕರಾಜು ನಕ್ಕು ಆರಿಸಿದ. ಮಧ್ಯಾಹ್ನ ಊಟದೆಲೆಯ ಮುಂದೆ ಕೂತಿದ್ದಾಗ ಶೃತಿ ಕೂಗಿದರು: “ಪ್ರೇಮಮ್ಮ, ಬೇಗ ಬನ್ನಿ!” ಎಂಜಲು ಕೈಯಲ್ಲೇ ಓಡಿದರೆ, ಸ್ಪೀಕರಿನಲ್ಲಿ ಒಂದು ತೊಟ್ಟು ಗೊರಗೊರವಿಲ್ಲದ ‘ಸುಂಯ್’. ಇಬ್ಬರೂ ಕುಣಿದಾಡಿಬಿಟ್ಟರಂತೆ. ಆ ದಾಖಲೆ ನೋಡಿದ ಮೇಲಧಿಕಾರಿಗಳು ಕೇಂದ್ರ ಇಲ್ಲೇ ಇರಲಿ ಎಂದಿದ್ದಾರೆ.

ಅಂದು ಸಂಜೆ ಕೊಟ್ಟ ಮಾತಿನಂತೆ ಟ್ರಾಕ್ಟರಿನ ದೀಪ ಹಚ್ಚಿದ್ದೂ ಪ್ರೇಮಮ್ಮನೇ. ಅದನ್ನು ನೆನೆದು ಈಗಲೂ ನಗುತ್ತಾರೆ: “ಅಷ್ಟು ದೂರ್ದಿಂದ ದನಿ ಬಂದು ನಮ್ಮೂರಲ್ಲಿ ಕೇಳುಸ್ತು ಅಂದ್ರೆ, ನಾವು ಸುಮ್ಕಿದ್ದುದ್ಕೆ ತಾನೇ?”